ತೂಗಿ ತುಂಬುವ ಕೈ

ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಕೊಡಗಿನವರು ಕಾಫಿಪುಡಿಯನ್ನು ಡಬ್ಬಿಗೆ ಸುಮ್ಮನೆ ಸುರಿದವರಲ್ಲ. ಚಮಚದಲ್ಲಿ ಹಾಕಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು. "ತೂಗಿ ತುಂಬಬೇಕು, ತುರುಕಬಾರದು" ಎನ್ನುತ್ತಿದ್ದರು. ಊರಿನ ಮನೆಯಲ್ಲಿ ಕೋವಿಯ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಪಳಗಿದ ಕೈ ಅದು. ಇಲ್ಲಿ ಕೋವಿಯ ಮಾತೇ ಮಾಫಿ, ಅರಬರ ಮಾತಿನಲ್ಲಿ 'ಇಲ್ಲವೇ ಇಲ್ಲ'. ಆ ಕೈಗೆ ಕಾಫಿಪುಡಿಯೇ ಗತಿ.

ಅವರಿಗೆ ಮಗಳು ಹುಟ್ಟಿದ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದು, ಊರಿನ ತಂಗಿಗೆ ವಿಡಿಯೋ ಕಾಲ್ ಮಾಡಿದರು. ಮಗು ಹುಟ್ಟಿದರೆ ಅವರಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದುಂಟು. ಅಮ್ಮ ಬಾಣಂತನಕ್ಕೆ ದುಬೈಗೆ ಬಂದಿದ್ದರು, ಊರಲ್ಲಿ ಉಳಿದದ್ದು ತಂಗಿಯೊಬ್ಬಳೇ. ಅವಳು ತೋಟಾ ತುಂಬಿದವಳೇ ಅಲ್ಲ.

"ಗುಂಡು ಗಂಡು ಮಗುವಿಗಲ್ವಾ ಅಣ್ಣಯ್ಯ?"

"ಹುಟ್ಟಿದ್ದು ಊರಿಗೆ ಗೊತ್ತಾಗ್ಬೇಕು ತಾನೆ? ಸೀಸದ ಚರೆ ಬೇಡ, ಬರೀ ಮದ್ದು. ತೂಗಿ ತುಂಬು, ತುರುಕಬೇಡ."

ಅಲ್ಲಿ ಅವಳು ಚಮಚದಲ್ಲಿ ಮದ್ದು ಹಾಕುತ್ತಿದ್ದಳು. ಇಲ್ಲಿ ಇವರ ಬೆರಳು ಗಾಳಿಯಲ್ಲೇ ತಟ್ಟುತ್ತಿತ್ತು. ಕೊನೆಗೆ ಅವಳು ಅಂಗಳಕ್ಕಿಳಿದು ಕೋವಿ ಎತ್ತಿದಳು. ಫೋನಿನಲ್ಲಿ ಕೇಳಿದ್ದು ಬಾಗಿಲು ಬಡಿದಷ್ಟೇ ಸದ್ದು.

ನಾನು ಉಡುಪಿಯವನು, ನನಗೇನು ಗೊತ್ತು! "ಇನ್ನೊಂದು ಹೊಡೆಸಿ ಮಾರಾಯ್ರೆ, ಸರಿ ಕೇಳ್ಲೇ ಇಲ್ಲ" ಎಂದೆ.

ಅವರು ಗಾಬರಿಯಾಗಿ ಫೋನಿಗೆ ಅಂಗೈ ಮುಚ್ಚಿದರು. "ಸುಮ್ನಿರಿ! ಎರಡು ಹೊಡೆದ್ರೆ ಸಾವು ಅಂತ ಊರೇ ಓಡಿ ಬರ್ತದೆ. ಹುಟ್ಟಿಗೆ ಒಂದೇ."

ಆಮೇಲೆ ಅಂಗೈ ತೆಗೆದು ತಂಗಿಗೆ ಹೇಳಿದರು: "ಆ ಖಾಲಿ ತೋಟಾ ಎತ್ತಿಡು. ಮುಂದಿನ ಸಲ ಅದನ್ನ ತುಂಬೋದು ನನ್ನ ಮಗಳು."