ನಾಯಕನ ಪಾತ್ರದ ಲೀಡರ್ ಮಾವ

ಹೋದ ವಾರ ಗಂಟಲು ಕಟ್ಟಿ ಮಾತೇ ಹೊರಡದಾಯಿತು. ಅದು ನನಗೇ ಗೊತ್ತಾದದ್ದು ಎರಡನೆಯ ದಿನ, ಹಾಲಿನವನು ಬಾಗಿಲು ತಟ್ಟಿದಾಗ. ಘಾಟ್ಕೋಪರ್‌ನ ಈ ಮನೆಯಲ್ಲಿ ನಾನೊಬ್ಬಳೇ. ಮಾತಿನ ಖರ್ಚು ಅಷ್ಟು ಕಡಿಮೆ. ಕೆಳಗಿನ ಔಷಧಿ ಅಂಗಡಿಯವನು ಜ್ಯೇಷ್ಠಮಧುವಿನ ಕಡ್ಡಿಯೊಂದನ್ನು ಕೊಟ್ಟ. ಅಗಿದೆ. ಆ ಮಣ್ಣುಮಣ್ಣಾದ ಸಿಹಿ ವಾಸನೆ ಮೂಗಿಗೆ ಏರಿದ್ದೇ ತಡ, ಲೀಡರ್ ಮಾವ ನೆನಪಾದರು. ಭಾನುವಾರದ ಮಧ್ಯಾಹ್ನ ಮಾಟುಂಗದ ಹಾಲ್‌ನಲ್ಲಿ ತಾಳಮದ್ದಳೆಗೆ ಕೂರುವ ಮೊದಲು ಅವರ ಕೆನ್ನೆಯೊಳಗೆ ಇಂಥದೇ ಕಡ್ಡಿ ಇರುತ್ತಿತ್ತು...

ಅವರು ನನಗೆ ನೆಂಟರೇನಲ್ಲ. ಉಡುಪಿ ಕಡೆಯವರು. ಜೋಗೇಶ್ವರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ, ಅಲ್ಲಿನ ಯೂನಿಯನ್ನಿಗೆ ಲೀಡರ್. ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಆ ಹೆಸರು ಬಿಡಲಿಲ್ಲ. ಕಿರಿಯರಾದ ನಾವು ಅದಕ್ಕೊಂದು ‘ಮಾವ’ ಸೇರಿಸಿದೆವು. ಹೆಂಡತಿ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಚಾಳಿನ ಸಾಲುಮನೆಗಳಲ್ಲಿ ಒಂದು ಕೋಣೆ, ಭಾನುವಾರಕ್ಕೊಂದು ತಾಳಮದ್ದಳೆ, ಅಷ್ಟೇ ಅವರ ಸಂಸಾರ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತವರು ಅದಕ್ಕೆ ಆ ಕ್ಷಣಕ್ಕೆ ಹೊಳೆದ ಅರ್ಥ ಹೇಳುತ್ತ ವಾದಕ್ಕಿಳಿಯುತ್ತಾರೆ. ಎಲ್ಲ ಕಡೆ ಕೃಷ್ಣ, ಕರ್ಣ, ವಾಲಿ. ನಮ್ಮ ಲೀಡರ್ ಮಾವ ಮಾತ್ರ ದೂರದ ಹಿಮದ ನಾಡೊಂದರ ಸಮಾಜವಾದಿ ಕ್ರಾಂತಿಕಾರನ ಮೇಲೆ ತಾವೇ ಪ್ರಸಂಗ ಬರೆದಿದ್ದರು. ಅವನಿಗೆ ಹೆಸರಿಟ್ಟಿರಲಿಲ್ಲ, ಬರೀ ‘ನಾಯಕ’. ನೆಲಮಾಳಿಗೆಯಲ್ಲಿ ಕೂತು ಕರಪತ್ರ ಅಚ್ಚುಹಾಕಿದ್ದು, ಹುಲ್ಲಿನ ಗಾಡಿಯಲ್ಲಿ ಅಡಗಿ ಜೈಲಿನಿಂದ ಪಾರಾದದ್ದು, ಅರಮನೆಯನ್ನು ಶಾಲೆ ಮಾಡಿದ್ದು... ಮಾವ ಹೇಳುತ್ತಿದ್ದರೆ ಹೊರಗೆ ಹೋಗುವ ಲೋಕಲ್‌ನ ಸದ್ದೂ ಕೇಳಿಸುತ್ತಿರಲಿಲ್ಲ. ಹಿಮ ಹೇಗೆ ಬೀಳುತ್ತದೆ ಎನ್ನುವುದಕ್ಕೆ ಅವರ ಅರ್ಥ: ಯಾರೋ ಮೇಲೆ ಕೂತು ಬಿಡುವಿಲ್ಲದೆ ತೆಂಗಿನಕಾಯಿ ತುರಿದ ಹಾಗೆ. ಅಡುಗೆಯವರಲ್ಲವೇ!

ಪ್ರಸಂಗದ ಉತ್ತರಾರ್ಧ ನಾಯಕನ ಆಳ್ವಿಕೆ. ಚೌಕ ಚೌಕದಲ್ಲೂ ಅವನ ಪಟ. ರೊಟ್ಟಿಗೆ ಸಾಲು ನಿಂತವರು ಪಕ್ಕದವರ ಜೊತೆಗೂ ಮಾತಾಡುವುದಿಲ್ಲ. ಒಂದು ಕಾಲಕ್ಕೆ ಅವನೊಡನೆ ಒಂದೇ ಜೈಲಿನಲ್ಲಿದ್ದ ಗೆಳೆಯನನ್ನು ಈಗ ಅವನೇ ಜೈಲಿಗೆ ಕಳಿಸುತ್ತಾನೆ. ಆ ಗೆಳೆಯನ ಪಾತ್ರ ಮಾಡುತ್ತಿದ್ದವರು ಒಮ್ಮೆ ಊರಿಗೆ ಹೋದರು. ಮಾವ ನನ್ನನ್ನು ಕೂರಿಸಿದರು. ಹೆಂಗಸು ಕೂರುವುದು ಆಗ ನಮ್ಮಲ್ಲಿ ಅಪರೂಪ. ಕೆಲವರು ಮುಖ ಮುಖ ನೋಡಿಕೊಂಡರು.

“ನನ್ನ ಮೋರೆ ನೋಡಿ ಹೆದರ್ಬೇಡ ಮಾರಾಯ್ತಿ. ಅಲ್ಲಿ ನಾನು ಮಾವ ಅಲ್ಲ. ಕೇಳ್ಬೇಕಾದ್ದನ್ನು ಕೇಳು,” ಎಂದರು.

ಅರ್ಥ ಚೆನ್ನಾಗಿ ಬಂದರೆ “ಚಂದ ಆಯ್ತು” ಎನ್ನುವುದೇ ಅವರ ದೊಡ್ಡ ಹೊಗಳಿಕೆ. ಎಲ್ಲರಿಗೂ ಸಿಗುತ್ತಿರಲಿಲ್ಲ. ಅದೊಂದು ಮಾತು ಅವರ ಬಾಯಿಂದ ಬರಬೇಕೆಂದು ನಾನು ವಾರವಿಡೀ ಆಫೀಸಿನ ಫೈಲುಗಳ ನಡುವೆ ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡಿದೆ.

ಅಂದು ನಾಯಕನಾಗಿ ಅವರು ಹೇಳಿದರು: “ಸಾವಿರ ಜನಕ್ಕೆ ಅನ್ನ ಮಾಡುವಾಗ ತಳ ಸ್ವಲ್ಪ ಹಿಡಿಯುತ್ತದೆ, ಗೆಳೆಯಾ.”

“ತಳ ಹಿಡಿದದ್ದನ್ನು ಯಾರ ತಟ್ಟೆಗೆ ಬಡಿಸಿದಿ?” ಎಂದೆ. ಸಭೆ ನಕ್ಕಿತು, ಮಾವನೂ ನಕ್ಕರು. ನನಗೆ ಹುರುಪೇರಿತು. “ದ್ರೋಹಿ ಎಂದು ಊರಿಗೆಲ್ಲ ಸಾರಿದೆಯಲ್ಲ, ಅದಕ್ಕೂ ಮೊದಲು ಒಮ್ಮೆ ನನ್ನ ಮನೆಗೆ ಬಂದು ಕೇಳಬಹುದಿತ್ತಲ್ಲ? ಬಾಗಿಲು ಹಾಕಿರಲಿಲ್ಲ.”

ಮಾವ ಬಾಯಿ ತೆರೆದರು, ಮುಚ್ಚಿದರು. ಶಾಲಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಡಿಸಿದರು. ಭಾಗವತರು ಕಾದು ಕಾದು ಕೊನೆಗೆ ಮುಂದಿನ ಪದ್ಯ ಎತ್ತಿಕೊಂಡರು. ಚಪ್ಪಾಳೆ ಬಿತ್ತು. ಲೀಡರ್ ಮಾವನ ಬಾಯಿ ಕಟ್ಟಿಸಿದವಳು ಎಂದು ಎಲ್ಲರೂ ನನ್ನನ್ನು ಸುತ್ತುವರಿದರು. ನಾನು ನೆಲದ ಮೇಲಿರಲಿಲ್ಲ. ಅವರು ಚಹಾಕ್ಕೂ ನಿಲ್ಲದೆ ಹೊರಟಾಗ, “ಮಾವ, ಹೇಗಾಯ್ತು?” ಎಂದು ಬೆನ್ನ ಹಿಂದೆ ಓಡಿದೆ. “ಸರಿಯಾಗೇ ಕೇಳಿದಿ,” ಎಂದು ಸ್ಟೇಷನ್ನಿನ ಕಡೆ ನಡೆದುಬಿಟ್ಟರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ... ಮತ್ತೆಂದೂ ಬರಲಿಲ್ಲ. ಹೆಂಗಸಿನ ಎದುರು ಸೋತದ್ದು ಅರಗಲಿಲ್ಲ ಎಂದುಕೊಂಡೆ. ನಾಲ್ಕು ಜನರ ಮುಂದೆ ಹಾಗೇ ಹೇಳಿ ನಗಿಸಿದೆ ಕೂಡ. ಒಳಗೆ ಮಾತ್ರ ತುಂಬ ನೊಂದಿದ್ದೆ, ಆ ಒಂದು ಮಾತು ಅವರು ಕೊಡಲಿಲ್ಲವೆಂದು. ಬೇಕಿದ್ದರೆ ಅವರೇ ಬರಲಿ ಎಂಬ ಹಟ. ಆಮೇಲೆ ಅಪ್ಪನ ಕಾಯಿಲೆ, ಆಫೀಸು, ನೆವಗಳಿಗೇನು ಕೊರತೆ. ಹದಿನೆಂಟು ವರ್ಷ ಕಳೆಯಿತು. ಹಾಲ್‌ನಲ್ಲಿ ಕೂರುತ್ತಿದ್ದವರೂ ಒಬ್ಬೊಬ್ಬರಾಗಿ ಕರಗಿದರು.

ಹೋದ ವಾರ, ದನಿ ಸ್ವಲ್ಪ ಬಿಟ್ಟ ಮೇಲೆ, ಹಳೆಯ ಭಾಗವತರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾರೆ.

“ಅಯ್ಯೋ, ನಿನಗೆ ಗೊತ್ತಿಲ್ವಾ? ಲೀಡರ್ ಹೋಗಿ ಎರಡು ವರ್ಷ ಆಯ್ತಲ್ಲ,” ಎಂದರು.

ಕೇಳಿದೆ: “ನನ್ನ ಮೇಲೆ ಸಿಟ್ಟಿತ್ತಾ ಅವರಿಗೆ?”

“ಸಿಟ್ಟು ಎಂತದ್ದು? ನೀನು ಅವರ ಕತೆಯನ್ನೇ ಕೇಳಿದ್ದು.”

ಅವರೇ ಹೇಳಿದರು. ಕಾರ್ಖಾನೆಯ ಮುಷ್ಕರದಲ್ಲಿ, ಮಾವನ ಜೊತೆ ಯೂನಿಯನ್ ಕಟ್ಟಿದ್ದ ಊರಿನ ಗೆಳೆಯನೊಬ್ಬ, ರಾಜಿ ಮಾಡಿಕೊಳ್ಳೋಣ ಎಂದನಂತೆ. ಕಂಪನಿಗೆ ಮಾರಿಕೊಂಡವ ಎಂದು ಮಾವ ಗೇಟಿನ ಮುಂದೆ ಸಾರಿದರು. ಚಾಳಿನ ನಲ್ಲಿಯ ಹತ್ತಿರವೂ ಆ ಮನೆಯವರೊಡನೆ ಯಾರೂ ಮಾತಾಡದಾದರು. ಅವನು ಹೆಂಡತಿ ಮಗುವನ್ನು ಕಟ್ಟಿಕೊಂಡು ಊರಿಗೆ ಹೋದ. ಮಾರಿಕೊಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು, ಆದರೂ ಮಾವ ಹೋಗಿ ತಪ್ಪಾಯಿತು ಎನ್ನಲಿಲ್ಲ. ನಾನು ಕೇಳಿದ ಆ ವಾರವೇ ಊರಿನ ಬಸ್ಸು ಹತ್ತಿದರಂತೆ. ಜಗಲಿಯಲ್ಲಿ ಕೂತಿದ್ದ ಗೆಳೆಯ ಇವರನ್ನು ನೋಡಿ ಎದ್ದು ಒಳಗೆ ಹೋದನಂತೆ. ಸಂಜೆಯವರೆಗೆ ಅಂಗಳದಲ್ಲಿ ನಿಂತು ಹಿಂದಿರುಗಿದರು.

“ಇನ್ನು ನಾಯಕನ ಪಾತ್ರ ನನ್ನಿಂದ ಆಗ್ಲಿಕ್ಕಿಲ್ಲ ಅಂದ್ರು. ನಿನಗೆ ಹೇಳ್ಲಿಕ್ಕೆ ಬಿಡ್ಲಿಲ್ಲ. ‘ಗೊತ್ತಾದ್ರೆ ಅವಳು ಮತ್ತೆ ಯಾರ ಹತ್ರವೂ ಹಾಗೆ ಕೇಳ್ಲಿಕ್ಕೆ ಹೆದರ್ತಾಳೆ. ಚಂದ ಕೇಳಿದ್ಲು’ ಅಂದ್ರು.”

ಫೋನ್ ಇಟ್ಟು ತುಂಬ ಹೊತ್ತು ಅತ್ತೆ. ಯಾರೂ ಕೇಳುವವರಿರಲಿಲ್ಲವಾದ್ದರಿಂದ ಜೋರಾಗಿಯೇ ಅತ್ತೆ.

ಭಾನುವಾರ ಮೆಟ್ರೋದಲ್ಲಿ ಅಂಧೇರಿಗೆ ಹೋದೆ, ಅಲ್ಲಿಂದ ಲೋಕಲ್‌ನಲ್ಲಿ ಒಂದೇ ಸ್ಟೇಷನ್, ಜೋಗೇಶ್ವರಿ. ಅವರ ಚಾಳಿದ್ದ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ. ವಾಚ್‌ಮನ್ ರಿಜಿಸ್ಟರ್ ಮುಂದೆ ಸರಿಸಿ, “ಕಿಸ್ ಸೇ ಮಿಲ್ನಾ ಹೈ?” ಎಂದ. ಯಾರನ್ನು ನೋಡಬೇಕೆಂದು ಬರೆಯಲಿ? ಪೆನ್ನು ಹಿಡಿದು ನಿಂತೇ ಇದ್ದೆ... ಒಮ್ಮೆ ಮನೆಗೆ ಬಂದು ಕೇಳಬಹುದಿತ್ತಲ್ಲ ಎಂದು ಅವರ ಬಾಯಿ ಕಟ್ಟಿಸಿದ ನಾನು, ಅವರ ಮನೆ ಹುಡುಕಿಕೊಂಡು ಬಂದದ್ದು ಅಂದೇ ಮೊದಲು.