ಎಲೆಯೊಳಗಿನ ಮೂರು ಕಿವಿ

ಮೊನ್ನೆ ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಮೊಣಕಾಲಿಗೆ ಬೆಚ್ಚಗಿನದೇನೋ ತಾಗಿತು. ಬಗ್ಗಿ ನೋಡಿದರೆ ಆಡಿನ ಕಿವಿ. ಸಂತೆಯಲ್ಲಿ ಕೊಂಡ ಆಡನ್ನು ಪಕ್ಕದ ಹೆಂಗಸು ಎರಡು ಕಾಲಿನ ನಡುವೆ ಒತ್ತಿ ಹಿಡಿದಿದ್ದಳು. ಹೆಂಗಸರಿಗೆ ಪ್ರಯಾಣ ಉಚಿತ, ಆಡಿಗೆ ಟಿಕೆಟ್ ಆಗಬೇಕೆಂದು ಕಂಡಕ್ಟರ್ ನಿಂತ.

“ಇದೂ ಹೆಣ್ಣೇ ಐತಿ, ಬೇಕಾದ್ರೆ ನೋಡ್ರಿ,” ಎಂದಳು.

“ಹಂಗಾದ್ರೆ ಅದ್ರ ಆಧಾರ್ ಕಾರ್ಡ್ ತೆಗಿಯಮ್ಮ,” ಎಂದು ಅವನು ಟಿಕೆಟ್ ಕೊಟ್ಟೇಬಿಟ್ಟ.

ಬಸ್ಸೆಲ್ಲ ನಕ್ಕಿತು. ನಾನೂ ನಗುವವನೇ. ಆದರೆ ಆ ಕಿವಿಯ ಬಿಸಿ, ಆ ಆಡಿನ ಕಮಟು ವಾಸನೆ... ಹಿಂದಿನಮನೆ ಅತ್ತೆ ಬಂದು ಪಕ್ಕದಲ್ಲಿ ಕೂತಂತಾಯಿತು.

ಅತ್ತೆ ನಮ್ಮ ನೆಂಟಳಲ್ಲ. ಬಳ್ಳಿಗಾವಿ ಕಡೆಯ ನಮ್ಮೂರಿನಲ್ಲಿ ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಬೇಲಿ ಇತ್ತು, ಅಷ್ಟೆ. ಅಪ್ಪನನ್ನು ಅವಳು ‘ಅಣ್ಣಾರೆ’ ಎನ್ನುತ್ತಿದ್ದಳು, ಅಪ್ಪ ‘ತಂಗಿ’ ಎನ್ನುತ್ತಿದ್ದರು. ಹೀಗಾಗಿ ನನಗೆ ಅತ್ತೆ. ಗಂಡ ತೀರಿಕೊಂಡ ಮೇಲೆ ಶುಂಠಿ ಹೊಲದ ಕೂಲಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದಳು. ಮೇಲುಖರ್ಚಿಗೆ ಒಂದು ಆಡು.

ಆ ಆಡು ನಮ್ಮದು. ಇಲ್ಲಿ ನಮ್ಮ ಮನೆತನದ ಘನತೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಲಿಂಗಪೂಜೆ ತಪ್ಪದ ಮನೆ. ಮಾಂಸವೆಂಬ ಪದವೇ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಆಡಿನ ಆದಾಯ ಮಾತ್ರ ಯಾವ ತಡೆಯೂ ಇಲ್ಲದೆ ದಾಟುತ್ತಿತ್ತು. ಆಡು ನಮ್ಮ ಅಂಗಳ ತುಳಿಯಬಾರದಾದ್ದರಿಂದ ಅಪ್ಪ ಅದನ್ನು ಅತ್ತೆಗೆ ಪಾಲಿಗೆ ಬಿಟ್ಟಿದ್ದರು. ಪಾಲಿನ ಕಟ್ಟಳೆ ಸರಳ. ತಾಯಿ ಯಾವತ್ತೂ ಒಡೆಯನದು. ಮೊದಲ ಮರಿ ಒಡೆಯನಿಗೆ, ನಂತರದ್ದು ಸಾಕಿದವರಿಗೆ. ಆಡು ಸತ್ತರೆ ಸಾಕಿದವರು ಅದರ ಎರಡೂ ಕಿವಿ ತಂದು ಒಡೆಯನಿಗೆ ತೋರಿಸಬೇಕು. ಸಂತೆಯಲ್ಲಿ ಮಾರಿ ಬಂದು ‘ಸತ್ತೋಯ್ತು’ ಎಂದು ಅಳುವವರಿಗಾಗಿ ಹಿರಿಯರು ಮಾಡಿದ ಏರ್ಪಾಡು. ಕಿವಿ ಕಾಣದೆ ಸಾವನ್ನು ಒಪ್ಪುವಂತಿಲ್ಲ.

ಮೊದಲ ಮರಿ ನಮಗೆ ಬಂತು, ಬಂದಂತೆಯೇ ಸಂತೆಗೂ ಹೋಯಿತು. ಎರಡನೆಯದು ಹೆಣ್ಣುಮರಿ, ಅತ್ತೆಯ ಪಾಲು. ಹುಟ್ಟಿದಾಗಿನಿಂದ ಅವಳ ಹೆಸರಿನಲ್ಲಿ ಉಸಿರಾಡಿದ ಮೊದಲ ಪ್ರಾಣಿ ಅದು.

“ಇದೊಂದು ದೊಡ್ಡದಾಗಿ ಮರಿ ಹಾಕ್ಲಿ ಅಣ್ಣಾರೆ, ಆಮೇಲೆ ನಿಮ್ಮ ಪಾಲೂ ಬ್ಯಾಡ, ನಿಮ್ಮ ಹಂಗೂ ಬ್ಯಾಡ,” ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದಳು. ಅಪ್ಪ ಕೇಳಿಸದವರಂತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

ಆಗ ಶಿರಾಳಕೊಪ್ಪ ರಸ್ತೆಯ ಬದಿಯಲ್ಲಿ ಕೋಳಿ ಅಂಗಡಿಗಳ ಕರುಳು, ಪುಕ್ಕ ತಂದು ಸುರಿಯುತ್ತಿದ್ದರು. ಅದನ್ನು ತಿಂದು ಬೆಳೆದ ನಾಯಿಗಳು ಬೊಗಳುವುದನ್ನೇ ಬಿಟ್ಟಿದ್ದವು. ಒಂದು ಮಧ್ಯಾಹ್ನ ನಾನು ಜೋಳದ ದಂಟು ಕಟ್ಟುತ್ತಿದ್ದೆ. ಕೆರೆಯ ಕಡೆಯಿಂದ ಒಂದು ಕೂಗು ಬಂತು. ಮನುಷ್ಯರದೋ ಆಡಿನದೋ ತಿಳಿಯಲಿಲ್ಲ... ಓಡಿದೆ.

ತಾಯಿ ಆಡು ಕೊಯ್ದ ಜೋಳದ ಕೂಳೆಯ ಮೇಲೆ ಬಿದ್ದಿತ್ತು. ಎರಡು ನಾಯಿಗಳು ಅದರ ಹೊಟ್ಟೆಯೊಳಗೆ ಮುಖವಿಟ್ಟು ಎಳೆಯುತ್ತಿದ್ದವು, ಅದಿನ್ನೂ ಕಣ್ಣು ಬಿಟ್ಟು ನೋಡುತ್ತಿತ್ತು. ಸ್ವಲ್ಪ ದೂರದಲ್ಲಿ ಅತ್ತೆ, ಸೀರೆಯೊಳಗೆ ಮರಿಯನ್ನು ಕಾಲಲ್ಲಿ ಇರುಕಿಕೊಂಡು, ಹುಲ್ಲು ಕೊಯ್ಯುವ ಕುಡುಗೋಲು ಬೀಸುತ್ತಿದ್ದಳು. ಸುತ್ತ ಐದಾರು ನಾಯಿ. ಒಂದು ಹಿಂದಿನಿಂದ ಹಾರಿ ಅವಳ ಕಿವಿಗೆ ಬಾಯಿ ಹಾಕಿ ಜೋತುಬಿತ್ತು. ಅವಳು ಅದನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ. ಕಿವಿ ಹರಿಯುವುದನ್ನು ಹರಿಯಲು ಬಿಟ್ಟು, ತಿರುಗಿ, ಅದರ ಕತ್ತಿಗೇ ಕುಡುಗೋಲು ಹಾಕಿ ಎಳೆದಳು. ಇನ್ನೊಂದರ ಮೂತಿ ಸೀಳಿತು. ನಾನು ಕಲ್ಲು ತೂರುತ್ತ ಹತ್ತಿರ ಬರುವಷ್ಟರಲ್ಲಿ ಉಳಿದವು ಕೆರೆ ಏರಿ ಹತ್ತಿ ಓಡಿದ್ದವು. ಯುದ್ಧ ಮುಗಿದ ಮೇಲೆ ಬಂದ ಸೇನಾಪತಿಯಂತೆ ನಾನು ಕೈಯಲ್ಲಿ ಕಲ್ಲು ಹಿಡಿದು ನಿಂತೆ.

ಅತ್ತೆ ತಾಯಿ ಆಡಿನ ಬಳಿ ಕೂತು ಅದರ ಹಣೆ ಸವರಿದಳು. ಅದೇ ಕುಡುಗೋಲಿನಿಂದ ಅದರ ಗಂಟಲು ಕೊಯ್ದು ನೋವು ಮುಗಿಸಿದಳು. ಆಮೇಲೆ ಕಿವಿ ಎರಡನ್ನೂ ಕತ್ತರಿಸಿ ಮುತ್ತುಗದ ಎಲೆಯಲ್ಲಿಟ್ಟಳು. ಆಮೇಲೆ ಕೂಳೆಯಲ್ಲಿ ಏನನ್ನೋ ಹುಡುಕಿದಳು.

ಮೊದಲು ಆಸ್ಪತ್ರೆಗೆ ಹೋಗೋಣವೆಂದು ನಾನೆಷ್ಟು ಹೇಳಿದರೂ ಕೇಳದೆ ನೇರ ನಮ್ಮ ಮನೆಗೆ ನಡೆದಳು. ಅಪ್ಪ ಜಗಲಿಯ ಮೇಲಿದ್ದರು, ಚಿಕ್ಕಪ್ಪನೂ ಇದ್ದ. ಅವಳ ಕುಪ್ಪಸ, ಸೆರಗೆಲ್ಲ ರಕ್ತ. ಎಲೆ ಬಿಚ್ಚಿದಳು.

“ನೋಡ್ಬಿಡ್ರಿ ಅಣ್ಣಾರೆ. ಈ ಎರಡು ನಿಮ್ಮವು. ಈ ಸಣ್ಣದು ನಂದು. ಹೊಲಿತಾರೇನೋ ಕೇಳ್ಬೇಕು.”

ಚಿಕ್ಕಪ್ಪನಿಗೆ ಕಂಡದ್ದು ಮರಿ ಮಾತ್ರ. “ತನ್ನದನ್ನ ಕಾಲಾಗೆ ಇಟ್ಕಂಡು ನಮ್ಮದನ್ನ ನಾಯಿಗೆ ಹಾಕಿದಾಳೆ,” ಎಂದ.

ಅತ್ತೆ ವಾದ ಮಾಡಲಿಲ್ಲ. “ಹೌದು,” ಎಂದಳು. “ಎರಡಕ್ಕೂ ಕಾಲು ಸಾಲಲಿಲ್ಲ.” ಸತ್ತದ್ದರ ಬದಲಿಗೆಂದು ಮರಿಯ ಹಗ್ಗವನ್ನು ನಮ್ಮ ಜಗಲಿಯ ಕಂಬಕ್ಕೆ ಕಟ್ಟತೊಡಗಿದಳು. ರಕ್ತಕ್ಕೆ ಹಗ್ಗ ಜಾರಿ ಗಂಟು ಬೀಳಲಿಲ್ಲ.

ಅಪ್ಪ ಎಲೆಯೊಳಗಿನ ಮೂರನ್ನೂ ನೋಡಿದರು. ಆಮೇಲೆ, ಅವರ ಗಂಟಲಿನಿಂದ ನಾನು ಕೇಳಿದ ಅತ್ಯಂತ ಗಡುಸಾದ ದನಿಯಲ್ಲಿ, “ತಂಗಿ, ಲಿಂಗಪೂಜೆ ಮನೆ ಇದು. ಇಲ್ಲಿ ಆಡು ಕಟ್ಟಂಗಿಲ್ಲ ಅಂತ ಗೊತ್ತಿಲ್ವ? ಬಿಚ್ಕಂಡು ಹೋಗು,” ಎಂದರು.

ನಮ್ಮ ಮನೆಯ ಮಡಿ ಒಬ್ಬರಿಗಾದರೂ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಿವಿ ಹೊಲಿಯಲಾಗಲಿಲ್ಲ. ಶಿಕಾರಿಪುರದ ಆಸ್ಪತ್ರೆಯಿಂದ ಬಂದು ಅವಳು ಮೂರನ್ನೂ ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಒಂದೇ ಗುಂಡಿಗೆ ಹಾಕಿದಳು. ಆ ಮರಿಯ ಮಕ್ಕಳು, ಮೊಮ್ಮಕ್ಕಳು ಅವಳ ಕೊಟ್ಟಿಗೆ ತುಂಬಿದವು. ಆಮೇಲಾಮೇಲೆ ಅವಳೇ ಬೇರೆಯವರಿಗೆ ಪಾಲಿಗೆ ಆಡು ಬಿಡತೊಡಗಿದಳು, ಅವರು ಕಿವಿ ತಂದರೆ ಗದರುತ್ತಿದ್ದಳು. ‘ಒಂದೇ ಕಿವಿಯ ಗೌಡ್ತಿ’ ಎಂದು ಹಿಂದಿನಿಂದ ಅಂದರೆ, “ಕಿವಿ ಇಲ್ದ ಕಡೆಯಿಂದ ಬೈರಿ, ನಂಗೆ ಕೇಳ್ಸಲ್ಲ,” ಎನ್ನುತ್ತಿದ್ದಳು.

ಅಪ್ಪ ಹೋದರು. ನಾನು ಸೊರಬಕ್ಕೆ ಬಂದು ನೆಲೆಸಿದೆ. ಒಂದು ದಿನ ಊರಿನಿಂದ ಫೋನು ಬಂತು. ಅತ್ತೆ ಹೋಗಿ ವಾರವಾಗಿತ್ತಂತೆ, ಮಣ್ಣೂ ಆಗಿತ್ತಂತೆ, ನನಗೆ ಹೇಳುವುದನ್ನು ಮರೆತರಂತೆ...

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಆ ಆಡಿನ ಕಿವಿಯನ್ನು ಒಮ್ಮೆ ಬೆರಳಲ್ಲಿ ಹಿಡಿದೆ. ಹೆಂಗಸು ವಿಚಿತ್ರವಾಗಿ ನೋಡಿದಳು. ಅವಳಿಗೇನು ಹೇಳಲಿ? ಅತ್ತೆಯದೆಂದು ನನ್ನ ಮುಂದೆ ಯಾರೂ ಎಲೆ ಬಿಚ್ಚಿ ಕಿವಿ ತೋರಿಸಿಲ್ಲ. ಕಟ್ಟಳೆಯ ಪ್ರಕಾರ ಆ ಸಾವನ್ನು ನಾನಿನ್ನೂ ಒಪ್ಪಬೇಕಾಗಿಲ್ಲ. ಆದರೂ ಊರಿಗೆ ಹೋದಾಗ ಬೇಲಿಯ ಕಡೆ ನೋಡುವುದನ್ನು ಬಿಟ್ಟಿದ್ದೇನೆ.