ಬಾಯಲ್ಲಿ ಅಂದು ಕಲಿತವರಿಗೆ ಮೌನದ ಪರೀಕ್ಷೆ

ಉಚ್ಚಾರಣೆಯ ನಿಯಮವನ್ನು ಬಾಯಿ ಮುಚ್ಚಿಸಿ ಪರೀಕ್ಷಿಸಿದ ನಮ್ಮ ವಯಸ್ಕರ ಶಾಲೆಯೇ ಜುಬೇದಾ ಆಂಟಿಯ ಸೋಲಿಗೆ ಹೊಣೆ.

ಅಮೆರಿಕದ ಸನ್ನಿವೇಲ್‌ನಲ್ಲಿ ನೆಲೆಸಿರುವ ಹುಬ್ಬಳ್ಳಿಯ ಆಂಟಿಗೆ ಡೇಕೇರ್ ತರಬೇತಿ ಸೇರಲು ಆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. 'ಅವರ್' (hour) ಪದದ ಮುಂಚೆ 'ಆ್ಯನ್', 'ಯೂನಿವರ್ಸಿಟಿ' ಮುಂಚೆ 'ಎ'. ಇಲ್ಲಿ ಬರೆದ ಅಕ್ಷರವಲ್ಲ, ಕೇಳುವ ಧ್ವನಿ ಮುಖ್ಯವೆಂದು ಅವರಿಗೆ ಕಲಿಸಿದ ಸ್ವಯಂಸೇವಕಿ ನಾನು. ಪರೀಕ್ಷೆಯಲ್ಲೂ ಆಂಟಿ ಪ್ರತಿ ಪದವನ್ನೂ ಪಿಸುಗುಟ್ಟಿ ನೋಡಿಯೇ ಬರೆಯುತ್ತಿದ್ದರು. ಮೇಲ್ವಿಚಾರಕರು ಎರಡು ಸಲ ಗದರಿ, ಮೂರನೆಯ ಸಲ ಉತ್ತರಪತ್ರಿಕೆಯನ್ನೇ ಕಿತ್ತುಕೊಂಡರು. ಅಲ್ಲೇ ನಿಂತಿದ್ದ ನಾನು ನೋಡಿದಂತೆ, ಬರೆದಷ್ಟೂ ಸರಿಯಿತ್ತು.

ಹೊರಗೆ ಬಂದ ಆಂಟಿ ನನ್ನನ್ನು ತಡೆದು ನಿಲ್ಲಿಸಿದರು. "ಬಾಯಾಗ ಅಂದು ನೋಡ್ರಿ ಅಂತ ನೀನ ಹೇಳಿದ್ದಿ ತಂಗಿ. ಹಂಗ ಅಂದು ನೋಡಿದ್ರ ಕಾಪಿ ಹೊಡ್ಯಾಕತ್ತಾಳ ಅಂತಾರ. ನೀ ಅಲ್ಲೇ ನಿಂತಿದ್ದೆಲ್ಲ, ಒಂದು ಮಾತು ಹೇಳಬಾರದಿತ್ತೇನು?"

ಹೇಳಬೇಕಿತ್ತು. ಸುಮ್ಮನಿದ್ದುದಕ್ಕೆ ಅವರಲ್ಲಿ ಕ್ಷಮೆ ಕೇಳಿದ್ದೇನೆ. ಪತ್ರಿಕೆ ಕಿತ್ತುಕೊಂಡ ಕಾರಣವನ್ನು ಶಾಲೆಯ ಆಡಳಿತವು ಆಂಟಿಗೆ ಲಿಖಿತವಾಗಿ ತಿಳಿಸಬೇಕು. ಪದಗಳನ್ನು ಗಟ್ಟಿಯಾಗಿ ಓದಿಕೊಳ್ಳಲು ಬೇರೆ ಕೋಣೆ ಒದಗಿಸಿ, ತರಬೇತಿ ಆರಂಭವಾಗುವ ಮೊದಲೇ ಮರುಪರೀಕ್ಷೆ ನಡೆಸಬೇಕೆಂದು ಈ ಮೂಲಕ ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.